ಒಂದೇ ಪಾಸ್‌ವರ್ಡ್ ಎಲ್ಲಾ ಕಡೆ ಇಟ್ಟಿದ್ದೆ, ಈಗ ಏನು ಮಾಡಲಿ?

ಮಳೆಬಿಲ್ಲು: ನಿನ್ನೆ ರಾತ್ರಿ ನನ್ನ ಇಮೇಲ್‌ಗೆ ಯಾರೋ ಲಾಗಿನ್ ಆಗಿದ್ದಾರೆ. ಅದೇ ಪಾಸ್‌ವರ್ಡ್ ಹತ್ತಾರು ಕಡೆ ಇದೆ, ಬೈಬೇಡಿ, ತಪ್ಪು ಅಂತ ಗೊತ್ತು. ಇಮೇಲ್‌ದು ಬದಲಾಯಿಸಿದ್ದೇನೆ. ಅಷ್ಟು ಸಾಕಾ?

ಗುಬ್ಬಚ್ಚಿ: ಸಾಲದು. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ನೋಡಿ. ಒಳಗೆ ಬಂದ ಕಳ್ಳರು ಎಷ್ಟೋ ಸಲ ನಿಮ್ಮ ಮೇಲ್‌ಗಳ ಪ್ರತಿ ತಮಗೂ ಬರುವ ಹಾಗೆ ಮಾಡಿಟ್ಟು ಹೋಗಿರುತ್ತಾರೆ, ಆಮೇಲೆ ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಅದು ಹೋಗುತ್ತಲೇ ಇರುತ್ತದೆ. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು ಕೊಟ್ಟಿರುವ ರಿಕವರಿ ನಂಬರ್ ನಿಮ್ಮದೇನಾ? ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಕೂಡ ಮಾಡಿ.

ಹಳೇ ಗಡಿಯಾರ: ‘ಹ್ಯಾವ್ ಐ ಬೀನ್ ಪೋನ್ಡ್’ ಅಂತ ಒಂದು ಸೈಟ್ 2013ರಿಂದ ಇದೆ. ನಿಮ್ಮ ಇಮೇಲ್ ಯಾವ ಡೇಟಾ ಸೋರಿಕೆಯಲ್ಲಿ ಸಿಕ್ಕಿದೆ ಅಂತ ಅಲ್ಲಿ ನೋಡಬಹುದು. ಇನ್ನೊಂದು, ಎಸ್ಸೆಮ್ಮೆಸ್ ಒಟಿಪಿಯನ್ನೇ ನಂಬಿ ಕೂರಬೇಡಿ, ನಿಮ್ಮ ನಂಬರಿಗೆ ಬೇರೆಯವರು ಮೋಸದಿಂದ ಸಿಮ್ ತೆಗೆದುಕೊಂಡರೆ ಅದೂ ಅವರಿಗೇ ಹೋಗುತ್ತದೆ ಅಲ್ವಾ? ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಹಾಕಿ. ಕೋಡ್ ಫೋನಿನಲ್ಲೇ ತಯಾರಾಗುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ.

ಮಳೆಬಿಲ್ಲು: ಅಯ್ಯೋ, ಫಾರ್ವರ್ಡಿಂಗ್‌ನಲ್ಲಿ ಗೊತ್ತಿಲ್ಲದ ವಿಳಾಸ ಒಂದು ಇತ್ತು! ತೆಗೆದೆ. ಇನ್ನು ಇಷ್ಟೊಂದು ಹೊಸ ಪಾಸ್‌ವರ್ಡ್ ನೆನಪಿಡೋದು ಹೇಗೆ?

ಗುಬ್ಬಚ್ಚಿ: ನೆನಪಿಡಲೇಬೇಡಿ. ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡಿ, ಅಂದರೆ ಎಲ್ಲಾ ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಆ್ಯಪ್‌ಗೆ. ಬ್ಯಾಂಕ್‌ದು ಇವತ್ತೇ ಬದಲಾಯಿಸಿ, ಹಾಡು ಕೇಳುವ ಆ್ಯಪ್‌ದು ನಾಳೆ ನೋಡಿದರಾಯಿತು.