ಮೇಲೆ ಮನೆ, ಕೆಳಗೆ ಹಿಟ್ಟಿನ ಗಿರಣಿ: ಸೌರ ವಿದ್ಯುತ್ ಸಹಾಯಧನ ಯಾವುದಕ್ಕೆ, ಎಷ್ಟು?

ಪ್ರಶ್ನೆ: ಗಿರಣಿ ಮಾಲೀಕ, ದಾವಣಗೆರೆ

ಮಾನ್ಯರೇ, ನಮ್ಮದು ಎರಡಂತಸ್ತಿನ ಸ್ವಂತ ಕಟ್ಟಡ. ಕೆಳಗೆ ಏಳೂವರೆ ಎಚ್‌ಪಿ ಮೋಟರಿನ ಹಿಟ್ಟಿನ ಗಿರಣಿ, ಮೇಲೆ ನಮ್ಮ ವಾಸ. ಎರಡಕ್ಕೂ ಬೇರೆ ಬೇರೆ ಮೀಟರ್, ಬೇರೆ ಬೇರೆ ಆರ್.ಆರ್. ಸಂಖ್ಯೆ ಇವೆ. ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ದಾಟುವುದರಿಂದ ಗೃಹಜ್ಯೋತಿಯ ಅನುಕೂಲ ಸಿಗದೆ ಪೂರ್ತಿ ಬಿಲ್ ಕಟ್ಟುತ್ತಿದ್ದೇವೆ. ಸೌರಫಲಕ ಅಳವಡಿಸುವ ಒಬ್ಬರು ಬಂದು ನೋಡಿ, 5 ಕಿಲೋವ್ಯಾಟ್ ಹಾಕಿಸಿದರೆ ಮನೆಗೂ ಗಿರಣಿಗೂ ಅದರಿಂದಲೇ ವಿದ್ಯುತ್ ಕೊಡಬಹುದು, ಸಹಾಯಧನ 1,08,000 ರೂಪಾಯಿ ಬರುತ್ತದೆ ಎಂದು ಹೇಳಿ ಹೋಗಿದ್ದಾರೆ. ಇದು ನಿಜವೇ? ಮನೆಯ ಮೀಟರ್ ಇನ್ನೂ ತೀರಿಹೋದ ನಮ್ಮ ತಂದೆಯವರ ಹೆಸರಿನಲ್ಲಿಯೇ ಇದೆ ಎಂಬುದನ್ನೂ ಗಮನಕ್ಕೆ ತರುತ್ತೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವಿದ್ಯುತ್ ಗುತ್ತಿಗೆದಾರ, ತುಮಕೂರು

ನಿಮಗೆ ಹೇಳಿರುವ ಎರಡು ಮಾತೂ ಸರಿಯಲ್ಲ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಕೇಂದ್ರದಿಂದ ಬರುತ್ತದೆ. ಒಟ್ಟು 78,000 ರೂಪಾಯಿ. ನೀವು 5 ಕಿಲೋವ್ಯಾಟ್ ಹಾಕಿಸಿದರೂ, 10 ಹಾಕಿಸಿದರೂ ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. 1,08,000 ಎಂಬುದು ಉತ್ತರ ಪ್ರದೇಶ, ದೆಹಲಿಯಂಥ ಕಡೆ ಅಲ್ಲಿನ ರಾಜ್ಯ ಸರ್ಕಾರಗಳು ತಮ್ಮ ಪಾಲಿನ 30,000 ಸೇರಿಸಿದಾಗ ಆಗುವ ಮೊತ್ತ. ಅದನ್ನು ನಂಬಿ ದಾವಣಗೆರೆಯಲ್ಲಿ ಲೆಕ್ಕ ಹಾಕಬೇಡಿ. ನಮ್ಮ ರಾಜ್ಯದ ಸ್ವಂತ ಹಣ ದೊಡ್ಡ ಪ್ರಮಾಣದಲ್ಲಿ ಹೋಗುತ್ತಿರುವುದು ರೈತರ ಸೌರ ಪಂಪ್‌ಸೆಟ್‌ಗಳಿಗೆ. ಸೌರ ಪಂಪ್‌ಸೆಟ್‌ಗಳಿಗೆಂದೇ ಇರುವ ಕೇಂದ್ರದ ಕುಸುಮ್ ಯೋಜನೆಯ ‘ಬಿ’ ವಿಭಾಗದಲ್ಲಿ ರಾಜ್ಯ ಶೇ 50, ಕೇಂದ್ರ ಶೇ 30 ಕೊಟ್ಟು ರೈತರ ಪಾಲಿಗೆ ಶೇ 20 ಮಾತ್ರ ಉಳಿಯುತ್ತದೆ. ಅದು ಆಗಬೇಕಾದ ಕೆಲಸವೇ.

ಮನೆಯ ಮೀಟರಿಗೆ ಸಹಾಯಧನ ಪಡೆದು ಜೋಡಿಸಿದ ಫಲಕದಿಂದ ಗಿರಣಿಗೆ ತಂತಿ ಎಳೆಯುವಂತಿಲ್ಲ. ಸಹಾಯಧನ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ ಇರುವುದರಿಂದ, ಪರಿಶೀಲನೆಗೆ ಬಂದಾಗ ಅಂಥ ಜೋಡಣೆ ಕಂಡರೆ ತೊಂದರೆಗೆ ಸಿಲುಕುವವರು ನೀವೇ ಹೊರತು ಸಲಹೆ ಕೊಟ್ಟವರಲ್ಲ.

ನಿಮ್ಮ ಬಳಕೆ ಗೃಹಜ್ಯೋತಿಯ ಮಿತಿಯೊಳಗೆ ಇದ್ದಿದ್ದರೆ ನಾನು ಫಲಕದ ಮಾತನ್ನೇ ಎತ್ತುತ್ತಿರಲಿಲ್ಲ. ಬಿಲ್ಲೇ ಇಲ್ಲದ ಮನೆಯವರು ಲಕ್ಷಗಟ್ಟಲೆ ಹಣ ಹಾಕಿ ಉಳಿಸುವುದೇನು? 250 ದಾಟುವ ನಿಮ್ಮ ಮನೆಗೆ ಮಾತ್ರ ಇದು ಹೊಂದುತ್ತದೆ. ನಿಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿದರೂ 3 ಕಿಲೋವ್ಯಾಟ್‌ನಿಂದ ತಿಂಗಳಿಗೆ ಸುಮಾರು 360 ಯೂನಿಟ್ ಆಗುತ್ತದೆ. ಅದಕ್ಕಿಂತ ದೊಡ್ಡದು ನಿಮಗೆ ಬೇಡ.

ಎಲ್ಲಕ್ಕಿಂತ ಮೊದಲು ಮೀಟರಿನ ಹೆಸರು ಬದಲಾಯಿಸಿಕೊಳ್ಳಿ. ತಂದೆಯವರ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಕಟ್ಟಡದ ಖಾತೆಯ ಪ್ರತಿ, ಅಣ್ಣತಮ್ಮಂದಿರು ಅಕ್ಕತಂಗಿಯರಿದ್ದರೆ ಅವರ ಒಪ್ಪಿಗೆ ಪತ್ರ, ಇಷ್ಟನ್ನು ಹಿಡಿದು ಬೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ. ವಿದ್ಯುತ್ ಬಿಲ್ಲಿನ ಹೆಸರಿಗೂ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೂ ತಾಳೆಯಾಗದೆ, ಫಲಕ ಹಾಕಿಸಿಯೂ ಸಹಾಯಧನ ತಿಂಗಳುಗಟ್ಟಲೆ ನಿಂತುಹೋದ ಮನೆಗಳನ್ನು ನಾನು ನೋಡಿದ್ದೇನೆ. ಹೆಸರು ಸರಿಯಾದ ಮೇಲೆ ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ನೋಂದಾಯಿತರಾದವರಿಂದಲೇ ಕೆಲಸ ಮಾಡಿಸಬೇಕು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ. ಹಣ ಕೈಗೆ ಬರುವುದು ಫಲಕ ಕೂರಿಸಿ, ನೆಟ್ ಮೀಟರ್ (ಬೆಸ್ಕಾಂನಿಂದ ಪಡೆದ, ಬೆಸ್ಕಾಂಗೆ ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್) ಹಾಕಿ, ಪರಿಶೀಲನೆ ಮುಗಿದ ಮೇಲೆ, ಅದೂ ನೇರವಾಗಿ ನಿಮ್ಮ ಖಾತೆಗೆ. ಆದ್ದರಿಂದ ಮೊದಲಿಗೆ ಪೂರ್ತಿ ಹಣವನ್ನು ನೀವೇ ಹೊಂದಿಸಬೇಕಾಗುತ್ತದೆ. 3 ಕಿಲೋವ್ಯಾಟ್‌ವರೆಗೆ ಬ್ಯಾಂಕುಗಳು ಅಡಮಾನವಿಲ್ಲದೆ ಕಡಿಮೆ ಬಡ್ಡಿಯ ಸಾಲವನ್ನೂ ಕೊಡುತ್ತವೆ.

ಉತ್ತರ 2: ತೆರಿಗೆ ಸಲಹೆಗಾರ್ತಿ, ಹುಬ್ಬಳ್ಳಿ

ಗಿರಣಿಯ ವಿಷಯಕ್ಕೆ ಬರುತ್ತೇನೆ. ವ್ಯಾಪಾರ, ಉದ್ದಿಮೆಯ ಸಂಪರ್ಕಗಳಿಗೆ ಈ ಯೋಜನೆಯಲ್ಲಿ ಸಹಾಯಧನವಿಲ್ಲ. ಅವರಿಗೆ ಇರುವ ನೆರವು ಆದಾಯ ತೆರಿಗೆಯ ಮೂಲಕ: ಸೌರ ಉಪಕರಣದ ಮೇಲೆ ವರ್ಷಕ್ಕೆ ಶೇ 40ರಷ್ಟು ಸವಕಳಿ (ಉಪಕರಣ ಹಳತಾದಂತೆ ಇಳಿಯುವ ಬೆಲೆಯನ್ನು ಲಾಭದಿಂದ ಕಳೆಯುವುದು) ತೋರಿಸಬಹುದು, ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಮಾರಾಟಗಾರರು ಇದನ್ನು ದೊಡ್ಡದಾಗಿ ಹೇಳುತ್ತಾರೆ. ಆದರೆ ಸಣ್ಣ ಗಿರಣಿ, ಅಂಗಡಿಗಳವರಲ್ಲಿ ಅನೇಕರು ವಹಿವಾಟಿನ ಶೇ 8 ಅಥವಾ ಶೇ 6ನ್ನು ಲಾಭವೆಂದು ಘೋಷಿಸುವ ಅಂದಾಜು ಆದಾಯ ಪದ್ಧತಿಯಲ್ಲಿ ಲೆಕ್ಕ ಸಲ್ಲಿಸುತ್ತಾರೆ. ಆ ಪದ್ಧತಿಯಲ್ಲಿ ಸವಕಳಿಯನ್ನು ಆಗಲೇ ಕಳೆದಿದೆ ಎಂದೇ ಭಾವಿಸುವುದರಿಂದ ಪ್ರತ್ಯೇಕವಾಗಿ ಕೇಳಲು ಬರುವುದಿಲ್ಲ. ಯಾರ ಹೆಸರಿನಲ್ಲಿ ನೆರವು ಘೋಷಣೆಯಾಗಿದೆಯೋ ಆ ಸಣ್ಣವರಿಗೇ ಅದು ತಲುಪದಿರುವುದು ನನಗೆ ಬಹಳ ಬೇಸರದ ಸಂಗತಿ. ನೀವು ಯಾವ ಪದ್ಧತಿಯಲ್ಲಿದ್ದೀರಿ ಎಂಬುದನ್ನು ನಿಮ್ಮ ಲೆಕ್ಕಪತ್ರ ನೋಡುವವರಲ್ಲಿ ಕೇಳಿ, ಆಮೇಲೆ ಗಿರಣಿಗೆ ಫಲಕದ ಯೋಚನೆ ಮಾಡಿ.

ದರಪಟ್ಟಿಯಲ್ಲಿ ಜಿಎಸ್‌ಟಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅಳವಡಿಕೆಯೂ ಸೇರಿದ ಗುತ್ತಿಗೆಯಲ್ಲಿ ಮೊತ್ತದ ಶೇ 70ನ್ನು ಸರಕೆಂದು, ಶೇ 30ನ್ನು ಸೇವೆಯೆಂದು ಪರಿಗಣಿಸಿ ಸೇವೆಯ ಭಾಗಕ್ಕೆ ಮಾತ್ರ ಶೇ 18 ಹಾಕಬೇಕು. ಹಾಗೆ ನೋಡಿದರೆ ಒಟ್ಟು ತೆರಿಗೆ ಶೇ 8.9 ಆಗುತ್ತದೆ. ಪೂರ್ತಿ ಮೊತ್ತಕ್ಕೆ ಶೇ 18 ಬರೆದಿದ್ದರೆ ತಿದ್ದಿಕೊಡಲು ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಗಿರಣಿಯ ಲೆಕ್ಕ ಅಂದಾಜು ಪದ್ಧತಿಯಲ್ಲೇ ಇದೆ, ಹಾಗಾಗಿ ಸದ್ಯಕ್ಕೆ ಮನೆಗೆ ಮಾತ್ರ 3 ಕಿಲೋವ್ಯಾಟ್ ಎಂದು ನಿರ್ಧರಿಸಿದ್ದೇನೆ. ಇದನ್ನು ಹಾಕಿಸಿದರೆ ಕರೆಂಟ್ ಹೋದಾಗಲೂ ಮನೆಗೆ ವಿದ್ಯುತ್ ಇರುತ್ತದೆಯೇ?

ಉತ್ತರ 3: ನಿವೃತ್ತ ಅಧ್ಯಾಪಕ, ಚಿತ್ರದುರ್ಗ

ಇರುವುದಿಲ್ಲ. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ಹರಿದು ಅಪಾಯವಾಗಬಾರದೆಂದು ಮಾಡಿರುವ ವ್ಯವಸ್ಥೆ ಅದು. ಮನೆಯಲ್ಲಿ ಹಳೆಯ ಯುಪಿಎಸ್ ಇದ್ದರೆ ಇಟ್ಟುಕೊಳ್ಳಿ.

ನಮ್ಮ ತಾರಸಿಯಲ್ಲಿ 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಹಿಡಿದಿದೆ. ಮಧ್ಯಾಹ್ನ ಮೂರರ ನಂತರ ನೀರಿನ ಟ್ಯಾಂಕಿನ ನೆರಳು ಒಂದು ಫಲಕದ ಮೂಲೆಗೆ ಬೀಳುತ್ತಿತ್ತು. ಅಷ್ಟು ಸಣ್ಣ ನೆರಳಿಗೇ ಮೊಬೈಲಿನಲ್ಲಿ ಕಾಣುವ ಉತ್ಪಾದನೆ ಇಳಿಯುತ್ತಿದ್ದುದನ್ನು ನೋಡಿ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಿದೆವು. ನಿಮ್ಮಲ್ಲಿ ಗಿರಣಿಯ ಹಿಟ್ಟಿನ ಧೂಳು ಮೇಲೆ ಬಂದು ಕೂರುವ ಸಂಭವವಿದೆ. ಇಬ್ಬನಿಗೆ ನೆನೆದರೆ ಅದು ಗಾಜಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಬೆಳಗ್ಗೆ ಬಿಸಿಲೇರುವ ಮೊದಲು ನೀರು ಹಾಯಿಸಿ ತೊಳೆಯಲು ತಾರಸಿಯಲ್ಲೇ ಒಂದು ನಲ್ಲಿ ಇರಲಿ. ಇನ್ನೊಂದು ವಿಷಯ: ಸೆಲ್ ಮತ್ತು ಫಲಕ ಎರಡೂ ದೇಶದಲ್ಲಿಯೇ ತಯಾರಾಗಿದ್ದರೆ ಮಾತ್ರ ಸಹಾಯಧನ ಬರುತ್ತದೆ. ದರಪಟ್ಟಿಯಲ್ಲಿ ಈ ದೇಶೀಯ ತಯಾರಿಕೆಯನ್ನು ಸೂಚಿಸುವ ‘ಡಿಸಿಆರ್’ ಎಂಬ ಪದವನ್ನು ಸ್ಪಷ್ಟವಾಗಿ ಬರೆಸಿಕೊಂಡು, ಫಲಕಗಳನ್ನು ಮೇಲೆ ಕೂರಿಸುವ ಮುನ್ನವೇ ಪ್ರತಿಯೊಂದರ ಹಿಂಬದಿಯ ಕ್ರಮಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಿ.