ಸಿಲಿಯಾ ಹಿಂದೆ ಮುಂದೆ ಆಡಿದರೂ ಲೋಳೆ ಒಂದೇ ಕಡೆ ಸಾಗುವುದು ಹೇಗೆ?

ಬಿಎಸ್ಸಿ_ಎರಡನೇ_ವರ್ಷ: ಶ್ವಾಸನಾಳದ ಸಿಲಿಯಾ (ಕೋಶಗಳ ಮೇಲಿನ ಕೂದಲಿನಂಥ ಸಣ್ಣ ಎಳೆಗಳು) ಸೆಕೆಂಡಿಗೆ 10–15 ಸಲ ಬಡಿಯುತ್ತವೆ ಅಂತ ಓದಿದೆ. ಮುಂದೆ ತಳ್ಳಿದ್ದು, ಸಿಲಿಯಾ ಹಿಂದಕ್ಕೆ ಬರುವಾಗ ವಾಪಸ್ ಬರಬೇಕಲ್ವಾ? ಲೋಳೆ ಮಾತ್ರ ಗಂಟಲ ಕಡೆಗೇ ಹೋಗುತ್ತದೆ. ಇನ್ನೊಂದು, ಸಿಲಿಯಾದ ಒಳಗಿನ 9+2 ಚಿತ್ರ (ಸುತ್ತ 9 ಜೋಡಿ ಕೊಳವೆ, ನಡುವೆ 2) ಬರೆಯಲು ಬರುತ್ತದೆ, ಆದರೆ ಅದು ಬಾಗುವುದು ಹೇಗೆ?

ಸ್ಲೈಡ್‌ಪೆಟ್ಟಿಗೆ: ಹಿಸ್ಟಾಲಜಿ (ಅಂಗಾಂಶ ಶಾಸ್ತ್ರ) ಪಾಠ ಮಾಡುತ್ತೇನೆ. ಈ ಗೊಂದಲಕ್ಕೆ ಕಾರಣ, ಸಿಲಿಯಾವನ್ನು ನೆಟ್ಟಗೆ ನಿಂತ ಕೂದಲಿನ ಹಾಗೆ ತೋರಿಸುವ ಚಿತ್ರಗಳು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ತಳ್ಳುವಾಗ ಅದು ಪೂರ್ತಿ ಎದ್ದು ನಿಂತಿರುತ್ತದೆ, ತುದಿ ಮೇಲಿನ ಲೋಳೆಗೆ ತಾಗುತ್ತದೆ. ವಾಪಸ್ ಬರುವಾಗ ಮಡಚಿಕೊಂಡು, ಕೋಶಕ್ಕೆ ಅಂಟಿದ ಹಾಗೆ, ಕೆಳಗಿನ ತೆಳು ದ್ರವದಲ್ಲೇ ನುಸುಳುತ್ತದೆ. ಆ ದ್ರವದ ಪದರ ಸುಮಾರು 7 ಮೈಕ್ರೋಮೀಟರ್, ಹೆಚ್ಚುಕಮ್ಮಿ ಸಿಲಿಯಾದಷ್ಟೇ ಎತ್ತರ.

ಅಷ್ಟು ಚಿಕ್ಕ ಅಳತೆಯಲ್ಲಿ ನೀರೂ ಜೇನಿನಷ್ಟು ಗಟ್ಟಿ ಅನ್ನಿಸುತ್ತದೆ. ಹೋದ ದಾರಿಯಲ್ಲೇ ಬಂದಿದ್ದರೆ ಎಷ್ಟು ಜೋರಾಗಿ ಬಡಿದರೂ ಲೋಳೆ ಸಾಗುವುದು ಸೊನ್ನೆ. ಒಂದು ಕೋಶದ ಮೇಲೆ ಸುಮಾರು 200 ಸಿಲಿಯಾ ಇರುತ್ತವೆ. ಎಲ್ಲವೂ ಒಟ್ಟಿಗೆ ಬಡಿಯುವುದಿಲ್ಲ, ಪಕ್ಕದ್ದಕ್ಕಿಂತ ಒಂಚೂರು ತಡವಾಗಿ ಬಡಿದು ಅಲೆ ಎಬ್ಬಿಸುತ್ತವೆ.

ಬಿಎಸ್ಸಿ_ಎರಡನೇ_ವರ್ಷ: ಇದು ಅರ್ಥವಾಯಿತು. ಬಾಗುವುದು?

ಸ್ಲೈಡ್‌ಪೆಟ್ಟಿಗೆ: ನನಗೆ ತುಂಬಾ ಇಷ್ಟದ ಭಾಗ ಅದೇ. ಹೊರಗಿನ 9 ಜೋಡಿ ಕೊಳವೆಗಳಲ್ಲಿ ಪ್ರತಿ ಜೋಡಿಗೂ ಡೈನೀನ್ ಎಂಬ ಪ್ರೋಟೀನಿನ ತೋಳುಗಳಿವೆ. ಎಟಿಪಿ (ಕೋಶದ ಇಂಧನ) ಸಿಕ್ಕಾಗ ಅವು ಪಕ್ಕದ ಜೋಡಿಯನ್ನು ಹಿಡಿದು ಬುಡದ ಕಡೆಗೆ ಹೆಜ್ಜೆ ಹಾಕುತ್ತವೆ. ಆಗ ಪಕ್ಕದ್ದು ತುದಿಯ ಕಡೆಗೆ ಜಾರಬೇಕು. ಆದರೆ ಬುಡ ಗಟ್ಟಿಯಾಗಿ ನೆಟ್ಟಿದೆ, ನಡುವೆ ಜೋಡಿಗಳನ್ನು ಕಟ್ಟಿಹಿಡಿಯುವ ನೆಕ್ಸಿನ್ ಕೊಂಡಿಗಳೂ ಇವೆ. ಜಾರಲು ಜಾಗವಿಲ್ಲ, ಅದಕ್ಕೇ ಬಾಗುತ್ತದೆ.

ಇದು ಸುಮ್ನೆ ಊಹೆಯಲ್ಲ. 1971ರಲ್ಲಿ ಸಮ್ಮರ್ಸ್ ಮತ್ತು ಗಿಬ್ಬನ್ಸ್, ಪೊರೆ ತೆಗೆದ ಸಮುದ್ರ ಅರ್ಚಿನ್ ವೀರ್ಯಾಣುವಿನ ಬಾಲಗಳಿಗೆ (ಅವುಗಳ ಒಳಗೂ ಇದೇ 9+2) ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ಕೊಂಡಿಗಳನ್ನು ಕರಗಿಸಿದರು. ಆಮೇಲೆ ಎಟಿಪಿ ಕೊಟ್ಟರೆ, ಬಾಗುವ ಬದಲು ಕೊಳವೆಗಳು ಒಂದರ ಮೇಲೊಂದು ಜಾರಿ ಉದ್ದಕ್ಕೆ ಹೊರಬಂದವು! ಒಂದು ವಿಷಯ ಮರೆಯಬೇಡಿ. ಎಲ್ಲಾ ಡೈನೀನ್ ಒಟ್ಟಿಗೆ ಎಳೆದರೆ ಬಾಗುವುದಿಲ್ಲ. ಒಂದು ಬದಿಯವು, ಆಮೇಲೆ ಎದುರು ಬದಿಯವು. ನಡುವಿನ 2 ಕೊಳವೆ ಮತ್ತು ಅವುಗಳ ಕಡೆಗೆ ಚಕ್ರದ ಕಡ್ಡಿಗಳ ಹಾಗೆ ಚಾಚಿದ ಅರಗಳು (ಸ್ಪೋಕ್) ಈ ಸರದಿಯನ್ನು ನಿಯಂತ್ರಿಸುತ್ತವೆ.

ರಾತ್ರಿಪಾಳಿ: ಡೈನೀನ್ ತೋಳೇ ಇಲ್ಲದ ರೋಗಿಗಳೂ ಇದ್ದಾರೆ. ಚಿಕ್ಕಂದಿನಿಂದಲೇ ಕೆಮ್ಮು, ಸೈನಸ್ ಸೋಂಕು. ಅವರಲ್ಲಿ ಸುಮಾರು ಅರ್ಧ ಮಂದಿಗೆ ಹೃದಯ ಬಲಗಡೆ!

ಬಿಎಸ್ಸಿ_ಎರಡನೇ_ವರ್ಷ: ಹೃದಯಕ್ಕೂ ಸಿಲಿಯಾಕ್ಕೂ ಏನು ಸಂಬಂಧ?

ಸ್ಲೈಡ್‌ಪೆಟ್ಟಿಗೆ: ಭ್ರೂಣದಲ್ಲಿ ನೋಡ್ ಎಂಬ ಜಾಗದ ಸಿಲಿಯಾ ತಿರುಗುತ್ತಾ ದ್ರವವನ್ನು ಎಡಕ್ಕೆ ಹರಿಸುತ್ತವೆ. ಎಡ ಯಾವುದು ಅಂತ ದೇಹಕ್ಕೆ ಗೊತ್ತಾಗುವುದು ಅದರಿಂದ. ಹರಿವು ಇಲ್ಲದಿದ್ದರೆ ಎಡವೋ ಬಲವೋ ಅನ್ನುವುದು ಅದೃಷ್ಟ, ಅದಕ್ಕೇ ಅರ್ಧ.