ಅಡಿಕೆ ಸುಲಿಯುವ ಹೆಂಗಸಿನ ಚಿತ್ರ ಗೋಡೆಯಿಂದ ಇಳಿಯಿತು

ಕುಂಚದಕ್ಕ: ಸಾಗರದ ಒಂದು ಹೋಟೆಲಿನ ಗೋಡೆಗೆ ನನ್ನ ಚಿತ್ರ ಕೊಟ್ಟಿದ್ದೆ. ಎರಡೇ ದಿನಕ್ಕೆ ಇಳಿಸಿದರು. ‘ಫ್ಯಾಮಿಲಿ ಬರುವ ಜಾಗ, ಚೆನ್ನಾಗಿರಲ್ಲ’ ಅಂದರು. ಚಿತ್ರದಲ್ಲಿ ಇರುವುದು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಹೊಟ್ಟೆ ಮಡಿಕೆ ಬಿದ್ದಿದೆ, ಹೆರಿಗೆಯ ಗೆರೆಗಳಿವೆ. ಚೊಗರು, ಅಂದ್ರೆ ಅಡಿಕೆಯ ಒಗರು ರಸ, ತಾಗಿ ಬೆರಳು ಕಪ್ಪಾಗಿವೆ. ಇಷ್ಟೇ. ತಪ್ಪೇನು?

ತೋಟದಮನೆ: ತಪ್ಪು ಅಂತಲ್ಲ ಅಕ್ಕಾ. ಚಿತ್ರ ಅಂದ್ರೆ ಕಣ್ಣಿಗೆ ತಂಪಾಗಿರಬೇಕು. ಬೇಲೂರಿನ ಮದನಿಕೆಯರನ್ನು ನೋಡಿ. ಬಟ್ಟೆಗಿಂತ ಒಡವೆಯೇ ಜಾಸ್ತಿ, ಆದರೂ ಮನೆಮಂದಿಯೆಲ್ಲ ನಿಂತು ನೋಡುತ್ತೇವೆ.

ಶರಾವತಿ ದಂಡೆ: 1117ರ ಗುಡಿ ಅದು. ಅಲ್ಲಿ ಯಾವ ಮದನಿಕೆಗೂ ವಯಸ್ಸಾಗಿಲ್ಲ ನೋಡಿ! ಹೊಟ್ಟೆಯ ಮೂರು ಮಡಿಕೆಗೆ ನಮ್ಮ ಹಳೆಯ ಕವಿಗಳು ತ್ರಿವಳಿ ಅಂತ ಹೆಸರಿಟ್ಟು ಹೊಗಳಿದ್ದಾರೆ. ಅಂದ್ರೆ ಮಡಿಕೆ ತೊಂದರೆ ಅಲ್ಲ. 18ರ ಮಡಿಕೆ ತ್ರಿವಳಿ, 45ರ ಮಡಿಕೆ ಅಸಹ್ಯ. ಅಲ್ವಾ?

ಪೆನ್ಸಿಲ್ ಮೇಷ್ಟ್ರು: ನಾನು ಡ್ರಾಯಿಂಗ್ ಕಲಿಸುವವನು. ಮೈ ವಿಷಯ ಬಿಡಿ, ಬಲ ಮೊಣಕೈ ಇರಬೇಕಾದ ಜಾಗದಲ್ಲಿ ಇಲ್ಲ. ಕಲಿಯದೆ ಬರೆದರೆ ಹೀಗೇ.

ಕುಂಚದಕ್ಕ: ಮೊಣಕೈ ತಪ್ಪಾಗಿದೆ, ಒಪ್ಪಿದೆ ಸಾರ್. ನಾಲ್ಕು ಸಲ ಅಳಿಸಿದ್ದೇನೆ. ಕನ್ನಡಿ ಮುಂದೆ ಕೂತು ಕಲಿತವಳು ನಾನು. ಬರೆಯುವ ಕೈಯನ್ನೇ ಬರೆಯಬೇಕು, ಅದು ಸುಮ್ನೆ ನಿಲ್ಲಬೇಕಲ್ಲ!

ಶರಾವತಿ ದಂಡೆ: ಮೇಷ್ಟ್ರೇ, ಫ್ರಾನ್ಸಿನ ಸುಜಾನ್ ವಲಾಡೊನ್ ಕೂಡ ಕಲಾಶಾಲೆಗೆ ಹೋದವಳಲ್ಲ. ರೆನ್ವಾರ್‌ನಂಥ ಚಿತ್ರಕಾರರಿಗೆ ಮಾಡೆಲ್ ಆಗಿ ಕೂತು, ಅವರು ಬರೆಯುವುದನ್ನು ನೋಡಿಯೇ ಕಲಿತಳು. 65 ದಾಟಿದ ಮೇಲೆ, 1931ರಲ್ಲಿ, ತನ್ನದೇ ಬರಿ ಎದೆಯ ಚಿತ್ರ ಬರೆದಳು. ಚರ್ಮ ಎಲ್ಲಿ ಜೋತಿದೆಯೋ ಅಲ್ಲಿ ಹಾಗೇ.

ತೋಟದಮನೆ: ಪ್ಯಾರಿಸ್ ಬೇರೆ, ಸಾಗರ ಬೇರೆ.

ಉಡುತಡಿ ಕಡೆಯವಳು: ಅಕ್ಕಮಹಾದೇವಿ ಶಿಕಾರಿಪುರದ ಕಡೆಯವಳೇ ತಾನೇ? ಬಟ್ಟೆ ಬಿಟ್ಟವಳಿಗೆ ಕೂದಲ ಮರೆ ಯಾಕೆ ಅಂತ ಅಲ್ಲಮ ಕೇಳುತ್ತಾನೆ. ನೋಡಿದವರಿಗೆ ನೋವಾಗಬಾರದು ಅಂತ ಅಕ್ಕ ಅನ್ನುತ್ತಾಳೆ. ಮರೆ ಅವಳಿಗಲ್ಲ, ನೋಡುವವರಿಗೆ. ಹೋಟೆಲಿನವರದ್ದೂ ಅದೇ ಕಥೆ. ಆದ್ರೆ ಒಂದು ಕೇಳ್ತೀನಿ ಅಕ್ಕಾ, ಯಾರನ್ನು ನೋಡಿ ಬರೆದಿರೋ ಆ ಹೆಂಗಸಿಗೆ ಚಿತ್ರ ತೋರಿಸಿದ್ದೀರಾ? ಕೂಲಿಯವರ ಮೈಯನ್ನು ಕೇಳದೆ ಗೋಡೆಗೆ ಏರಿಸಿದ್ದರೆ ನಾನೂ ಇಳಿಸಿ ಅಂತಲೇ ಹೇಳೋದು.

ಕುಂಚದಕ್ಕ: ಹೊಟ್ಟೆ ನನ್ನದೇ, ಕನ್ನಡಿಯದ್ದು. ಬೆರಳು ಮಾತ್ರ ನಮ್ಮ ಪಕ್ಕದ ಮನೆ ಚಿಕ್ಕಮ್ಮನದ್ದು. ಮೊದಲು ಅವರಿಗೇ ತೋರಿಸಿದೆ. ‘ಇನ್ನೂ ಕಪ್ಪು ಮಾಡು ಮಾರಾಯ್ತಿ, ತಮ್ಮನ ಮದುವೆ ದಿನ ಲಿಂಬೆಹುಳಿ ತಿಕ್ಕಿದರೂ ಹೋಗಿರಲಿಲ್ಲ’ ಅಂದರು.